ಕದಲದ ಮುಳ್ಳು

ಪೇಟೆಯ ಬೀದಿಯಲ್ಲಿ ತಕ್ಕಡಿಯಕ್ಕ ನಡೆದು ಬರುತ್ತಿದ್ದಾಳೆಂದರೆ ಹಣ್ಣಿನವರು, ತರಕಾರಿಯವರು, ಮೊಳೆ ಮಾರುವವರು ಎಲ್ಲರೂ ಹೆಬ್ಬೆರಳನ್ನು ಜೇಬಿಗೆ ಸೇರಿಸಿಬಿಡುತ್ತಿದ್ದರು. ತೂಗುವ ಹೊತ್ತಿಗೆ ಸರಿಯಾಗಿ ಹೆಬ್ಬೆರಳು ತಟ್ಟೆಯ ಅಂಚಿಗೆ ಹೋಗಿ ಕೂರುವುದು ವ್ಯಾಪಾರಿಗಳಿಗೆ ಅಂಟುವ ಒಂದು ಬಗೆಯ ಕಾಯಿಲೆ. ಬೇಕೆಂದು ಯಾರೂ ಮಾಡುವುದಿಲ್ಲ; ಕೇಳಿ ನೋಡಿ, ಎಲ್ಲರೂ ಹಾಗೆಯೇ ಹೇಳುತ್ತಾರೆ. ಆ ಕಾಯಿಲೆಗೆ ಇದ್ದ ಒಂದೇ ಮದ್ದು ತಕ್ಕಡಿಯಕ್ಕನ ಓರೆನೋಟ.

ಆಕೆ ಅಧಿಕಾರಿಯಲ್ಲ, ಯಾರಿಗೂ ದಂಡ ಹಾಕುವ ಹಕ್ಕು ಆಕೆಗಿರಲಿಲ್ಲ. ತಕ್ಕಡಿ ರಿಪೇರಿ ಮಾಡುವವಳು, ಅಷ್ಟೆ. ಬೀಗದವನ ಅಂಗಡಿಗೂ ಚಪ್ಪಲಿ ಹೊಲಿಯುವವನ ಅಂಗಡಿಗೂ ನಡುವೆ ಉಳಿದುಹೋದ ಸಂದಿಗೆ ಒಂದು ಬಾಗಿಲು ಇಟ್ಟರೆ ಏನಾಗುತ್ತದೋ ಅದೇ ಆಕೆಯ ಅಂಗಡಿ. ಮೇಲಿನಿಂದ ಹಿತ್ತಾಳೆಯ ತಟ್ಟೆಗಳು ತೂಗಾಡುತ್ತಿದ್ದವು. ಎತ್ತರದ ಗಿರಾಕಿ ಬಂದರೆ ಮೊದಲು ಟಣ್ ಎಂದು ಸದ್ದಾಗುತ್ತಿತ್ತು, ಆಮೇಲೆ ಗಿರಾಕಿಯ ಮುಖ ಕಾಣುತ್ತಿತ್ತು. ಕೆಲಸ ಕಲಿಸಿದ್ದು ಆಕೆಯ ಅಪ್ಪ. ಸ್ಪ್ರಿಂಗಿನ ತಕ್ಕಡಿ ಹೋಗಿ ಕರೆಂಟಿನ ಮಷೀನು ಬಂದಾಗ ಬೆಸುಗೆ ಹಾಕುವುದನ್ನು ಆಕೆಯೇ ಕಲಿತಳು.

ಅಪ್ಪ ಬಿಟ್ಟುಹೋದ ಪಾಠ ಒಂದೇ. "ತಕ್ಕಡಿಗೆ ಸುಳ್ಳು ಹೇಳೋಕೆ ಬರಲ್ಲ ಮಗಳೇ. ಲೆಕ್ಕ ತಪ್ತಿದೆ ಅಂದ್ರೆ ಎಲ್ಲೋ ಒಂದು ಕೈ ಇದೆ. ಆ ಕೈ ಹುಡುಕು."

ಆಕೆ ಹುಡುಕುತ್ತಿದ್ದಳು. ತಟ್ಟೆಯ ತಳಕ್ಕೆ ಮೆತ್ತಿದ ಮೇಣ, ಮಷೀನಿನ ಹೊಟ್ಟೆಗೆ ಅಂಟಿಸಿದ ಅಯಸ್ಕಾಂತ, ಒಳಗೆ ಟೊಳ್ಳು ಮಾಡಿದ ತೂಕದ ಬಟ್ಟು, ಒಂದೂ ಆಕೆಯ ಕಣ್ಣು ತಪ್ಪಿಸಿದ್ದಿಲ್ಲ. ರಿಪೇರಿ ಮುಗಿದ ಮೇಲೆ ಮತ್ತೆ ಯಾರೂ ಬಿಚ್ಚದ ಹಾಗೆ ತಂತಿ ಪೋಣಿಸಿ, ತಂತಿಯ ತುದಿಗೆ ಸೀಸದ ಗುಂಡು ಇಟ್ಟು, ಇಕ್ಕಳದಿಂದ ಕಚಕ್ಕನೆ ಅಮುಕಿದರೆ ಮೊಹರು ಬೀಳುತ್ತಿತ್ತು. ಆ ಕಚಕ್ ಕೇಳಿದಾಗ ಆಕೆಯ ಮುಖದಲ್ಲಿ ಮೂಡುತ್ತಿದ್ದ ಸಂತೃಪ್ತಿ ತನ್ನ ಮುಖ ನೋಡಿದಾಗ ಯಾವತ್ತೂ ಮೂಡಿಲ್ಲ ಎಂದು ಆಕೆಯ ಗಂಡ ಕೊರಗುತ್ತಿದ್ದ.

ಗಂಡ ಬಸ್ಸಿನ ಡ್ರೈವರು. ದುಂಡು ಮುಖ, ಮೃದು ಸ್ವಭಾವ, ಬಸ್ಸು ಓಡಿಸುವಾಗ ಮಾತ್ರ ಗಂಭೀರ. ಅವನ ನಂಬಿಕೆಗಳು ಎರಡು: ಹೆಂಡತಿ ಹೇಳಿದ್ದು ಸರಿ, ಬಿಸ್ಕತ್ತು ತಿಂದರೆ ಯಾರಿಗೂ ನಷ್ಟವಿಲ್ಲ.

ಮಗಳು ಹುಟ್ಟುವಾಗ ತೀರಾ ಸಣ್ಣಗಿದ್ದಳು. ತಕ್ಕಡಿಯಕ್ಕ ದಿನವೂ ಹಿತ್ತಾಳೆ ತಟ್ಟೆಗೆ ಟವೆಲ್ ಹಾಸಿ, ಕೂಸನ್ನು ಮಲಗಿಸಿ ತೂಗಿ, "ಗುಬ್ಬಿ ಮರಿ ಇದ್ದ ಹಾಗಿದೆ" ಎನ್ನುತ್ತಿದ್ದಳು. ಗುಬ್ಬಿ ಎಂಬ ಹೆಸರು ಅಂಟಿತು. ಆಮೇಲೆ ಹೆಸರು ಅಲ್ಲೇ ನಿಂತಿತು, ಹುಡುಗಿಯ ತೂಕ ಮುಂದಕ್ಕೆ ಹೋಯಿತು. ಹೈಸ್ಕೂಲು ತಲುಪುವಷ್ಟರಲ್ಲಿ ಮೆಟ್ಟಿಲು ಹತ್ತಿದರೆ ಉಸಿರು ಮೇಲೆ ಕೆಳಗೆ, ಸಂಜೆಯಾದರೆ ಮಂಡಿನೋವು. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಅಪಾಯದ ಗೆರೆಯ ಹತ್ತಿರ ಬಂದು ಇಣುಕುತ್ತಿತ್ತು. ಆದರೆ ಹುಡುಗಿಯ ಚುರುಕಿಗೇನೂ ಕಡಿಮೆಯಿರಲಿಲ್ಲ. ಕೂತಲ್ಲಿ ಕೂರುತ್ತಿರಲಿಲ್ಲ. ಊಟದ ಮೇಜಿನ ಕೆಳಗೆ ಅವಳ ಕಾಲು ಹೊಲಿಗೆ ಮಷೀನು ತುಳಿದ ಹಾಗೆ ಕುಣಿಯುತ್ತಿತ್ತು, ಮೇಲೆ ಚಮಚಗಳು ತಾಳ ಹಾಕುತ್ತಿದ್ದವು.

"ಕಾಲು ಸುಮ್ನಿಡು ಗುಬ್ಬಿ, ಸೂಪು ಚೆಲ್ತಿದೆ."

"ನಾನೆಲ್ಲಿ ಅಲ್ಲಾಡಿಸ್ತಿದೀನಿ? ಅದೇ ಅಲ್ಲಾಡ್ತಿದೆ."

ತೂಕ ಇಳಿಸಬೇಕೆಂದು ಡಾಕ್ಟರು ಹೇಳಿದಾಗ ಅಪ್ಪ ಅಮ್ಮ ಇಬ್ಬರೂ ಮುಖ ಮುಖ ನೋಡಿಕೊಂಡರು. ಗುಬ್ಬಿಯೇ ಸೊಂಟ ಕಟ್ಟಿ ನಿಂತಳು. ಸಿಹಿ ಪಾನೀಯ ಬಿಟ್ಟಳು, ತಟ್ಟೆಯಲ್ಲಿ ತರಕಾರಿಗೆ ಜಾಗ ಕೊಟ್ಟಳು, ಸಂಜೆ ಬಸ್ ಡಿಪೋದ ತನಕ ನಡೆದು ಹೋಗಿ ಅಪ್ಪನ ಜೊತೆ ವಾಪಸ್ಸು ನಡೆದು ಬರತೊಡಗಿದಳು. ತಕ್ಕಡಿಯಕ್ಕ ತನ್ನ ಅಂಗಡಿಯಲ್ಲಿದ್ದ ಅತ್ಯಂತ ನಂಬಿಕಸ್ಥ ಮಷೀನನ್ನು, ಮುಳ್ಳು ಓಡುವ ಹಳೆಯ ಕಾಲದ್ದನ್ನು, ಮನೆಗೆ ತಂದು ಹಜಾರದಲ್ಲಿ ಸ್ಥಾಪಿಸಿದಳು.

ಆಗ ಶುರುವಾಯಿತು ಆ ಮನೆಯ ಸುವರ್ಣಯುಗ. ಮುಳ್ಳು ವಾರ ವಾರ ಹಿಂದಕ್ಕೆ ಸರಿಯಿತು. ಪ್ರತಿ ಭಾನುವಾರ ಬೆಳಿಗ್ಗೆ ಗುಬ್ಬಿ ಮಷೀನು ಹತ್ತುವುದು, ಅಮ್ಮ ಮಂಡಿಯೂರಿ ಮುಳ್ಳು ಓದುವುದು, ಅಪ್ಪ ಬಾಯಲ್ಲೇ ಬಸ್ಸಿನ ಹಾರನ್ನು ಊದುವುದು. ಗುಬ್ಬಿಯ ಹಳೆಯ ಸ್ಕರ್ಟು ಸೊಂಟದಲ್ಲಿ ನಿಲ್ಲದೆ ಜಾರಿದ ದಿನ ಮೂವರೂ ಸೇರಿ ಹಜಾರದಲ್ಲಿ ಕುಣಿದದ್ದಕ್ಕೆ ಕೆಳಮನೆಯವರು ಬಂದು ಬಾಗಿಲು ಬಡಿದರು. ತಕ್ಕಡಿಯಕ್ಕ ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಮಗಳ ತೂಕದ ಸುದ್ದಿ ಹೇಳಿಕೊಂಡು ತಿರುಗಿದಳು. ಹಣ್ಣಿನವನಂತೂ ಖುಷಿಯಲ್ಲಿ ಹೆಬ್ಬೆರಳನ್ನು ಜೇಬಿನಿಂದ ಹೊರಗೆ ತೆಗೆದುಬಿಟ್ಟಿದ್ದ. ಆಕೆ ಅದನ್ನೂ ಗಮನಿಸಲಿಲ್ಲ.

ಆಮೇಲೆ ಒಂದು ಭಾನುವಾರ ಮುಳ್ಳು ನಿಂತಿತು.

ಮುಂದಿನ ವಾರವೂ ಅಲ್ಲೇ. ಅದರ ಮುಂದಿನ ವಾರವೂ. ಜಪ್ಪಯ್ಯ ಅಂದರೂ ಕದಲಲೊಲ್ಲದು. ಗುಬ್ಬಿ ಊಟ ಬದಲಿಸಿರಲಿಲ್ಲ, ನಡಿಗೆ ಬಿಟ್ಟಿರಲಿಲ್ಲ, ಆದರೂ ಗುಲಗಂಜಿಯಷ್ಟೂ ಇಳಿಯಲಿಲ್ಲ.

ಬೇರೆ ಮನೆಯಾಗಿದ್ದರೆ ಯಾರಾದರೂ ಹುಡುಗಿಯ ಮುಖ ನೋಡುತ್ತಿದ್ದರು. ತಕ್ಕಡಿಯಕ್ಕ ಮಷೀನಿನ ಕೆಳಗೆ ನೋಡಿದಳು. ಸಲಕರಣೆ ಪೆಟ್ಟಿಗೆ ಬಿಚ್ಚಿ, ಹಜಾರದ ತುಂಬ ಹಾಳೆ ಹಾಸಿ, ಮಷೀನನ್ನು ಕರುಳು ಸಮೇತ ಹೊರಗೆ ತೆಗೆದಳು. ಒರೆಸಿ, ಎಣ್ಣೆ ಬಿಟ್ಟು, ಜೋಡಿಸಿ, ಬಟ್ಟುಗಳನ್ನು ಒಂದೊಂದಾಗಿ ಪೇರಿಸಿ ನೋಡಿದಳು. ಮಷೀನು ಸರಿಯಾಗಿತ್ತು. ನೆಲ ಓರೆಯಿರಬಹುದೆಂದು ಅಡುಗೆಮನೆಗೆ ಒಯ್ದಳು, ಮಲಗುವ ಕೋಣೆಗೆ ಒಯ್ದಳು, ಕೊನೆಗೆ ಗಂಡನ ಹೆಗಲ ಮೇಲೆ ಹೊರಿಸಿ ತಾರಸಿಗೂ ಹತ್ತಿಸಿದಳು. ಮುಳ್ಳು ಎಲ್ಲ ಕಡೆಯೂ ಒಂದೇ ಮಾತು ಹೇಳಿತು.

"ಮಷೀನು ಸರಿಯಿದೆ," ಎಂದಳು ಕೆಳಗಿಳಿದು ಬಂದು. ಆ ಸ್ವರ ಪೇಟೆಯ ಎಲ್ಲರಿಗೂ ಪರಿಚಿತ.

"ಸರಿಯಿದ್ರೆ ಒಳ್ಳೇದಲ್ವಾ?" ಎಂದ ಗಂಡ, ಬೆನ್ನು ಹಿಡಿದುಕೊಂಡು.

"ಮಷೀನು ಸರಿಯಿದ್ರೆ ಎಲ್ಲೋ ಒಂದು ಕೈ ಇದೆ ಕಣ್ರೀ."

ಗುಬ್ಬಿ ಸ್ವೆಟರಿನ ತೋಳಿನೊಳಗೆ ಕೈಗಳನ್ನು ಎಳೆದುಕೊಂಡು ಸೋಫಾದಲ್ಲಿ ಮುದುಡಿ ಕೂತಿದ್ದಳು. ಮನೆಯಲ್ಲಿ ಬೇರಾರಿಗೂ ಚಳಿಯಿರಲಿಲ್ಲ. ಇತ್ತೀಚೆಗೆ ಶಾಲೆಯಿಂದ ಬಂದವಳೇ ಅವಳು ತೂಕಡಿಸುತ್ತಿದ್ದಳು. ಊಟದ ಮೇಜಿನ ಮೇಲೆ ಚಮಚಗಳು ತಾಳ ಹಾಕುವುದನ್ನು ನಿಲ್ಲಿಸಿದ್ದವು. ತಕ್ಕಡಿಯಕ್ಕ ಅದನ್ನು ಗಮನಿಸಿರಲಿಲ್ಲವೆಂದಲ್ಲ. ಸದ್ಯ, ಹುಡುಗಿಗೆ ಕೂರುವ ರೀತಿ ಬಂತು ಎಂದು ಒಳಗೊಳಗೇ ಹಿಗ್ಗಿದ್ದಳು.

"ಯಾವ ಕೈ?" ಎಂದಳು ಗುಬ್ಬಿ.

ಅಮ್ಮ ಇಕ್ಕಳ ತೆಗೆದಳು. ಸಂಜೆಯೊಳಗೆ ಬಿಸ್ಕತ್ತಿನ ಡಬ್ಬಿಗೆ ತಂತಿ, ಸೀಸದ ಗುಂಡು, ಕಚಕ್. ಬ್ರೆಡ್ಡಿನ ಪೆಟ್ಟಿಗೆಗೆ ಕಚಕ್. ಜ್ಯಾಮಿನ ಶೀಶೆಗೆ, ಸಕ್ಕರೆಗೆ, ಕೊನೆಗೆ ಫ್ರಿಜ್ಜಿನ ಹಿಡಿಗೂ ಕಚಕ್. ಯಾರಿಗೆ ಏನು ಬೇಕಾದರೂ ತಕ್ಕಡಿಯಕ್ಕ ಬಂದು ಮೊಹರು ಕತ್ತರಿಸಿ, ತೆಗೆದುಕೊಟ್ಟು, ಮತ್ತೆ ಮೊಹರು ಒತ್ತಬೇಕು. ಚಹಾಕ್ಕೆ ಹಾಲು ಬೇಕೆಂದರೆ ಅಷ್ಟು ಸಮಾರಂಭ. ಗಂಡ ಸಕ್ಕರೆಯಿಲ್ಲದ ಚಹಾ ಕುಡಿಯುವುದನ್ನು ಅಭ್ಯಾಸ ಮಾಡಿಕೊಂಡ. ಕೇಳುವುದಕ್ಕಿಂತ ಅದೇ ಸುಲಭವಾಗಿತ್ತು.

"ಅಮ್ಮ, ನಾನು ಕದ್ದು ತಿಂತಿದೀನಿ ಅಂತ ತಾನೇ ನಿನ್ನ ಅನುಮಾನ?"

"ನಾನೆಲ್ಲಿ ಹಾಗಂದೆ? ಮೊಹರು ಹಾಕಿದ್ದು ಡಬ್ಬಿಗೆ, ನಿನಗಲ್ಲ."

"ಡಬ್ಬಿ ಎಲ್ಲಿಗೂ ಓಡಿಹೋಗಲ್ಲಮ್ಮ."

ನಾಲ್ಕು ದಿನ ಕಳೆಯಲಿಲ್ಲ, ಬಿಸ್ಕತ್ತಿನ ಡಬ್ಬಿಯ ಮೊಹರು ಒಡೆದಿತ್ತು. ಒಡೆದವರು ತಂತಿಯನ್ನು ಮತ್ತೆ ಗಂಟು ಹಾಕಿ, ಸೀಸದ ಬದಲು ಅಗಿದ ಚೂಯಿಂಗ್ ಗಮ್ ಮೆತ್ತಿದ್ದರು. ತಕ್ಕಡಿಯಕ್ಕನಿಗೆ ಬಿಸ್ಕತ್ತು ಹೋದದ್ದಕ್ಕಿಂತ ಆ ಚೂಯಿಂಗ್ ಗಮ್ಮಿನ ಅವಮಾನವೇ ದೊಡ್ಡದಾಯಿತು. ಆಕೆ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಳು, ಮಗಳನ್ನು ನೋಡಿದಳು. ಮೇಣ ಮೆತ್ತಿದ ತರಕಾರಿಯವನನ್ನು ನೋಡುತ್ತಿದ್ದಳಲ್ಲ, ಅದೇ ಓರೆನೋಟ.

"ಹಸಿವಾದ್ರೆ ಕೇಳ್ಬೇಕಿತ್ತು ಗುಬ್ಬಿ. ಕದಿಯೋ ಅಂಥದ್ದೇನಿತ್ತು?"

ಗುಬ್ಬಿಯ ಕಿವಿ ಕೆಂಪಾಯಿತು. "ನಾನು ತಿಂದಿಲ್ಲ."

"ಮುಳ್ಳು ಬೇರೇನೋ ಹೇಳ್ತಿದೆಯಲ್ಲ."

"ನಿನ್ನ ಮುಳ್ಳಿಗೆ ಬಾಯಿದೆ, ನನಗಿಲ್ವಾ? ನಾನು ತಿಂದಿಲ್ಲ ಅಂದ್ರೆ ತಿಂದಿಲ್ಲ."

ಅಂದಿನಿಂದ ಗುಬ್ಬಿ ಅಮ್ಮನೊಂದಿಗೆ ನೇರ ಮಾತು ಬಿಟ್ಟಳು. ಏನಿದ್ದರೂ ಅಪ್ಪನ ಮೂಲಕ. "ಅಪ್ಪ, ನಿನ್ನ ಹೆಂಡತಿಗೆ ಹೇಳು, ನನಗೆ ಅರ್ಧ ಬ್ರೆಡ್ಡು ಸಾಕು ಅಂತ." "ಅಪ್ಪ, ನಿನ್ನ ಹೆಂಡತಿ ನನ್ನ ತಟ್ಟೆ ನೋಡ್ತಿದಾರೆ, ನೋಡಬೇಡಿ ಅನ್ನು." ಅಪ್ಪ ಇಬ್ಬರ ನಡುವೆ ಕತ್ತು ತಿರುಗಿಸಿ ತಿರುಗಿಸಿ ಡ್ರೈವರು ಕೆಲಸಕ್ಕಿಂತ ಇದೇ ಕಷ್ಟ ಅನ್ನುವ ಮುಖ ಮಾಡುತ್ತಿದ್ದ. ಹಟಕ್ಕೆ ಬಿದ್ದ ಹುಡುಗಿ ಇದ್ದ ಊಟದಲ್ಲೂ ಅರ್ಧ ಬಿಟ್ಟಳು. ಭಾನುವಾರ ಮಷೀನು ಹತ್ತಿ, ಮುಖ ಗೋಡೆಗೆ ತಿರುಗಿಸಿ ನಿಂತಳು. ಮುಳ್ಳು ಅಲ್ಲೇ.

ಆ ಭಾನುವಾರವೇ ಗಂಡನ ಸಮವಸ್ತ್ರ ಒಗೆಯಲು ತೆಗೆದ ತಕ್ಕಡಿಯಕ್ಕ ಜೇಬು ಕೊಡವಿದಳು. ಬಿಸ್ಕತ್ತಿನ ಪುಡಿ ಬಚ್ಚಲ ತುಂಬ ಉದುರಿತು. ಜೊತೆಗೆ ಚೂಯಿಂಗ್ ಗಮ್ಮಿನ ಕಾಗದ.

"ರೀ, ಬನ್ನಿ ಇಲ್ಲಿ."

ಗಂಡ ಬಂದ. ಪುಡಿ ನೋಡಿದ. ಆಕಾಶ ನೋಡಿದ. ಬಚ್ಚಲಲ್ಲಿ ಆಕಾಶ ಇರಲಿಲ್ಲವಾದ್ದರಿಂದ ನಲ್ಲಿ ನೋಡಿದ.

"ಮಗೂಗೆ ಜೊತೆಯಾಗ್ಲಿ ಅಂತ ನಾನೂ ಕಡಿಮೆ ತಿಂತಿದ್ದೆ. ಡಿಪೋದಲ್ಲಿ ಕೂತಾಗ ಹಸಿವಾಗುತ್ತೆ ಕಣೆ."

"ಮಗಳ ಮೇಲೆ ಅಪವಾದ ಬಂದಾಗ ಬಾಯಿ ಬಿಡೋಕೆ ಏನಾಗಿತ್ತು?"

"ಬಾಯಲ್ಲಿ ಬಿಸ್ಕತ್ತಿತ್ತು."

ಅವನನ್ನು ಮಷೀನಿನ ಮೇಲೆ ನಿಲ್ಲಿಸಲಾಯಿತು. ಮಗಳ ಮೈಯಿಂದ ಇಳಿಯಬೇಕಾಗಿದ್ದುದೆಲ್ಲ ಅಪ್ಪನ ಮೈಗೆ ವರ್ಗವಾಗಿದೆಯೇನೋ ಎನ್ನುವ ಹಾಗೆ ಮುಳ್ಳು ಮುಂದಕ್ಕೆ ಓಡಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗುಬ್ಬಿಗೆ ನಗು ಬಂತು, ತಡೆದುಕೊಂಡಳು, ತಡೆದುಕೊಂಡದ್ದು ಮೂಗಿನಿಂದ ಬಂತು. ಈಗ ಅಮ್ಮ ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ತಕ್ಕಡಿಯಕ್ಕ ಬಾಯಿ ತೆರೆದಳು ಕೂಡ. ಆದರೆ ಜೀವಮಾನದ ಕಸುಬು ಅಡ್ಡ ಬಂತು.

"ಬಿಸ್ಕತ್ತು ಸಿಕ್ತು, ಸರಿ. ಆದ್ರೆ ಇವಳ ಮುಳ್ಳು ಯಾಕೆ ನಿಂತಿದೆ? ಹಾಗಾದ್ರೆ ಇನ್ನೊಂದು ಕೈ ಇರ್ಬೇಕು."

ಗುಬ್ಬಿಯ ನಗು ನಿಂತಿತು. ಬಹಳ ದಿನದ ಮೇಲೆ ಅಮ್ಮನ ಕಣ್ಣನ್ನೇ ನೋಡಿ ಮಾತಾಡಿದಳು. "ಕಬ್ಬಿಣಾನ ನಂಬ್ತೀಯ, ನನ್ನನ್ನ ನಂಬಲ್ಲ."

ಕೋಣೆಗೆ ಹೋಗಿ ಸ್ವೆಟರು ಹೊದ್ದು ಮಲಗಿದಳು. ತಕ್ಕಡಿಯಕ್ಕ ಬಚ್ಚಲ ಬಾಗಿಲಲ್ಲೇ ಒದ್ದೆ ಬಟ್ಟೆ ಹಿಡಿದು ನಿಂತಳು. ಕೈ ಹುಡುಕುವುದು ಗೊತ್ತಿತ್ತು. ಕೈಯೇ ಇಲ್ಲದಿದ್ದರೆ ಏನು ಮಾಡಬೇಕೆಂದು ಆಕೆಯ ಅಪ್ಪ ಹೇಳಿಕೊಟ್ಟಿರಲಿಲ್ಲ.

ಮರುದಿನ ಡಾಕ್ಟರಮ್ಮನ ಹತ್ತಿರ ಹೋಗಲು ಮೊದಲು ಎದ್ದು ರೆಡಿಯಾದವಳು ಆಕೆಯೇ. ಡಾಕ್ಟರಮ್ಮ ಚಿಕ್ಕ ಪ್ರಾಯದವಳು. ಕ್ಯಾನ್ವಾಸ್ ಬೂಟು ಹಾಕಿಕೊಂಡು ಆಸ್ಪತ್ರೆಯ ಕಾರಿಡಾರಿನಲ್ಲಿ ಓಡುತ್ತಲೇ ಇರುವವಳು. ಗುಬ್ಬಿಯ ನಾಡಿ ಹಿಡಿದಳು, ಬೆರಳು ಮುಟ್ಟಿ "ಐಸ್ ಇದ್ದ ಹಾಗಿದೆಯಲ್ಲೇ" ಎಂದಳು, ಎತ್ತರ ಅಳೆದಳು, ಏನು ತಿನ್ನುತ್ತೀ ಎಂದು ಕೇಳಿದಳು. ಗುಬ್ಬಿ ಹೇಳುತ್ತಿರುವಾಗ ಒಮ್ಮೆಯೂ ಓರೆಯಾಗಿ ನೋಡಲಿಲ್ಲ. ತಕ್ಕಡಿಯಕ್ಕ ಅದನ್ನು ನೋಡಿದಳು.

"ಇಲ್ಲೊಂದು ಪರೀಕ್ಷೆ ಇದೆ," ಎಂದಳು ಡಾಕ್ಟರಮ್ಮ. "ಸುಮ್ನೆ ಮಲಗಿದಾಗ ದೇಹ ಎಷ್ಟು ಶಕ್ತಿ ಉರಿಸುತ್ತೆ ಅನ್ನೋದನ್ನ ಉಸಿರಿನಿಂದ ಅಳೀಬಹುದು. ನಾಳೆ ಬೆಳಿಗ್ಗೆ ಏನೂ ತಿನ್ನದೆ ಬಾ."

"ಉಸಿರನ್ನ ತೂಗ್ತೀರಾ?" ತಕ್ಕಡಿಯಕ್ಕನ ಕಿವಿ ನಿಮಿರಿತು.

"ಹೆಚ್ಚುಕಡಿಮೆ ಹಾಗೇ ಅಂದ್ಕೊಳ್ಳಿ."

ಮರುದಿನ ಆಕೆ ಸಲಕರಣೆ ಪೆಟ್ಟಿಗೆ ಸಮೇತ ಬಂದಳು. ಮಂಚದ ಪಕ್ಕ ಒಂದು ಯಂತ್ರ, ಅದಕ್ಕೊಂದು ಕೊಳವೆ, ಕೊಳವೆಯ ತುದಿಗೆ ಬೇಕರಿಯಲ್ಲಿ ಕೇಕಿನ ಮೇಲೆ ಮುಚ್ಚುವಂಥ ಪಾರದರ್ಶಕ ಗುಮ್ಮಟ. ತಕ್ಕಡಿಯಕ್ಕ ಬಗ್ಗಿ ಯಂತ್ರದ ತಳ ನೋಡಿದಳು, ಹಿಂಬದಿ ನೋಡಿದಳು.

"ಇದು ಸರಿಯಿದೆ ಅಂತ ಹೇಗೆ ನಂಬೋದು? ಮೊಹರೆಲ್ಲಿ?"

ಬೇರೆ ಡಾಕ್ಟರಾಗಿದ್ದರೆ ಬೇಸರಪಡುತ್ತಿದ್ದರೇನೋ. ಇವಳು ನಗುತ್ತ ತೋಳುದ್ದದ ಒಂದು ಸಿರಿಂಜು ತಂದಳು. ಅದರಲ್ಲಿ ಹಿಡಿಯುವ ಗಾಳಿಯ ಅಳತೆ ಗೊತ್ತಿರುವಂಥದ್ದು. ಅದನ್ನು ಯಂತ್ರದೊಳಗೆ ತಳ್ಳಿದರೆ ಯಂತ್ರ ಅಷ್ಟೇ ತೋರಿಸಬೇಕು. ಇನ್ನೊಂದು ಸಿಲಿಂಡರಿನಲ್ಲಿ ಯಾವ ಅನಿಲ ಎಷ್ಟಿದೆಯೆಂದು ಗೊತ್ತಿರುವ ಗಾಳಿ. ಅದನ್ನೂ ಬಿಟ್ಟು ನೋಡಬೇಕು.

"ಓ, ಗಾಳಿಯ ಬಟ್ಟು," ಎಂದಳು ತಕ್ಕಡಿಯಕ್ಕ. ತಾನೇ ಸಿರಿಂಜು ತಳ್ಳಿದಳು. ಯಂತ್ರ ಸರಿಯಾಗಿ ಹೇಳಿತು. ಮತ್ತೊಮ್ಮೆ ತಳ್ಳಿದಳು. ಮೂರನೆಯ ಸಲ ಬರಿಯ ಖುಷಿಗೆ ತಳ್ಳಿದಳು.

ಗುಬ್ಬಿ ಗುಮ್ಮಟದೊಳಗೆ ತಲೆಯಿಟ್ಟು ಸುಮ್ಮನೆ ಮಲಗಿದಳು. ಅಪ್ಪ ಕಾಲ ಬಳಿ ಕೂತು ಉಸಿರಾಡಲೂ ಹೆದರಿದ. ಮುಗಿದ ಮೇಲೆ ಡಾಕ್ಟರಮ್ಮ ಪರದೆಯ ಮೇಲಿನ ಗೆರೆ ನೋಡಿ ಕುರ್ಚಿ ಎಳೆದುಕೊಂಡಳು.

"ತೂಕ ಇಳಿದ ಮೇಲೆ ದೇಹದ ಖರ್ಚು ಇಳಿಯೋದು ಸಹಜ. ಚಿಕ್ಕ ದೇಹಕ್ಕೆ ಕಡಿಮೆ ಸಾಕು. ಆದ್ರೆ ಇವಳದ್ದು ಅಷ್ಟಕ್ಕೇ ನಿಂತಿಲ್ಲ. ಈ ಮೈಗೆ ಎಷ್ಟು ಉರೀಬೇಕು ಅಂತ ನಾವು ಲೆಕ್ಕ ಹಾಕ್ತೀವೋ, ಅದಕ್ಕಿಂತಲೂ ಕಡಿಮೆ ಉರೀತಿದೆ."

"ಅಂದ್ರೆ ಲೆಕ್ಕದಲ್ಲಿ ಯಾರದ್ದೋ ಕೈ—"

"ಯಾರದ್ದೂ ಇಲ್ಲಮ್ಮ. ನಿಮ್ಮ ಪೇಟೇಲಿ ವ್ಯಾಪಾರ ಬಿದ್ದುಹೋದ್ರೆ ಅಂಗಡಿಯವರು ಏನ್ಮಾಡ್ತಾರೆ?"

"ಒಂದು ದೀಪ ಆರಿಸ್ತಾರೆ. ಫ್ಯಾನು ನಿಲ್ಲಿಸ್ತಾರೆ. ಗಿರಾಕಿಗೆ ಚಹಾ ತರಿಸೋದು ಬಿಡ್ತಾರೆ."

"ದೇಹಾನೂ ಅದನ್ನೇ ಮಾಡಿದೆ. ಕೊಬ್ಬು ಕರಗ್ತಿದ್ದ ಹಾಗೆ ಮೆದುಳಿಗೆ ಸುದ್ದಿ ಹೋಗುತ್ತೆ, ದಾಸ್ತಾನು ಇಳೀತಿದೆ ಅಂತ. ಅದಕ್ಕೆ ಇದು ನಾವಾಗೇ ಮಾಡಿದ್ದು ಅಂತ ಗೊತ್ತಾಗಲ್ಲ, ಕಷ್ಟಕಾಲ ಬಂತು ಅಂದ್ಕೊಳ್ಳುತ್ತೆ. ಕೈಕಾಲು ತಣ್ಣಗೆ, ನಾಡಿ ನಿಧಾನ. ಕೂತಲ್ಲಿ ಅಲ್ಲಾಡೋ ಚುರುಕನ್ನೂ ಕಡಿಮೆ ಮಾಡಿಬಿಡುತ್ತೆ. ಮೇಲಿಂದ ಹಸಿವು ಜಾಸ್ತಿ ಮಾಡುತ್ತೆ. ಎಲ್ಲರಿಗೂ ಒಂದೇ ಥರ ಆಗಲ್ಲ, ಕೆಲವರಿಗೆ ಜಾಸ್ತಿ. ಇವಳು ಅಷ್ಟು ಹಸಿವಿಟ್ಟುಕೊಂಡೂ ತಿಂದಿಲ್ಲ ನೋಡಿ."

ತಕ್ಕಡಿಯಕ್ಕನಿಗೆ ಊಟದ ಮೇಜಿನ ಮೌನ ನೆನಪಾಯಿತು. ಹುಡುಗಿಗೆ ಕೂರುವ ರೀತಿ ಬಂತೆಂದು ತಾನು ಹಿಗ್ಗಿದ್ದು ನೆನಪಾಗಿ ಮುಖ ಬಿಸಿಯಾಯಿತು.

"ಈಗ ಇನ್ನೂ ಕಡಿಮೆ ತಿನ್ನಿಸ್ಬೇಕಾ?" ಎಂದ ಅಪ್ಪ. ಇನ್ನೂ ಕಡಿಮೆಯೆಂದರೆ ತನ್ನ ಗತಿಯೇನೆಂಬ ಚಿಂತೆಯೂ ಆ ಪ್ರಶ್ನೆಯಲ್ಲಿತ್ತು.

"ಬೇಡವೇ ಬೇಡ. ಬೆಳೆಯೋ ಮಗು. ಹಟಕ್ಕೆ ಅರ್ಧ ಊಟ ಬಿಡೋದನ್ನ ಇವತ್ತೇ ನಿಲ್ಲಿಸು, ಗುಬ್ಬಿ. ಮೊಟ್ಟೆ, ಬೇಳೆ ಜಾಸ್ತಿ ಇರ್ಲಿ, ಚೆನ್ನಾಗಿ ನಿದ್ದೆ ಮಾಡು, ನಡಿಗೆ ಜೊತೆ ಸ್ವಲ್ಪ ಭಾರ ಎತ್ತೋ ವ್ಯಾಯಾಮ ಕಲಿಸ್ತೀವಿ. ಸ್ವಲ್ಪ ದಿನ ತೂಕ ಅಲ್ಲೇ ನಿಂತ್ರೂ ಪರವಾಗಿಲ್ಲ. ಇವಳು ಎತ್ತರ ಆಗಿದಾಳೆ, ಗಮನಿಸಿದ್ರಾ? ಎತ್ತರ ಏರಿ ತೂಕ ಅಲ್ಲೇ ನಿಂತಿದ್ರೆ ಅದೂ ಗೆಲುವೇ. ಸಕ್ಕರೆ ಇಳಿದಿದೆ. ಮಂಡಿನೋವು?"

"ಇಲ್ಲ," ಎಂದಳು ಗುಬ್ಬಿ. ಇಲ್ಲವೆಂಬುದು ಅವಳಿಗೂ ಆಗಲೇ ಹೊಳೆದದ್ದು.

ಆಮೇಲೆ ಅವಳು ಅಪ್ಪನ ಕಡೆ ತಿರುಗಿದಳು. "ಅಪ್ಪ, ನಿನ್ನ ಹೆಂಡತಿಗೆ ಕೇಳು, ಅವರಿಗೆ ಈಗ ನಂಬಿಕೆ ಬಂತಾ ಅಂತ."

ಅಪ್ಪ ಕತ್ತು ತಿರುಗಿಸುವಷ್ಟರಲ್ಲಿ ಹೆಂಡತಿ ಬೂಟು ಕಳಚಿ ಮಂಚ ಹತ್ತಿಯಾಗಿತ್ತು.

"ನನ್ನನ್ನೂ ಒಂದ್ಸಲ ತೂಗಿ ಡಾಕ್ಟ್ರೇ."

"ನೀವು ತಿಂಡಿ ತಿಂದಿರ್ತೀರಿ, ರೀಡಿಂಗ್ ಸರಿ ಬರಲ್ಲ."

"ಬರ್ದಿದ್ರೆ ಬೇಡ. ಒಳಗೆ ಹೇಗಿರುತ್ತೆ ಅಂತ ನೋಡ್ಬೇಕು."

ಗುಮ್ಮಟ ಇಳಿಯಿತು. ತಕ್ಕಡಿಯಕ್ಕನ ಮುಖ ಅದರೊಳಗೆ ಗಾಜಿನ ಬೀರುವಿನಲ್ಲಿಟ್ಟ ಮಿಠಾಯಿಯ ಹಾಗೆ ಕಂಡಿತು. ಗುಬ್ಬಿ ತುಟಿ ಕಚ್ಚಿಕೊಂಡು ಮೇಲಿನಿಂದ ಬಗ್ಗಿ ನೋಡಿದಳು. ಒಳಗೆ ಅಮ್ಮನ ತುಟಿ ಅಲ್ಲಾಡಿತು.

"ಏನು?" ಎಂದಳು ಗುಬ್ಬಿ. ತಾನು ನೇರವಾಗಿ ಮಾತಾಡಿದ್ದು ಅವಳಿಗೆ ಗೊತ್ತಾಗಲೇ ಇಲ್ಲ.

ತುಟಿ ಮತ್ತೆ ಅಲ್ಲಾಡಿತು. ಗುಮ್ಮಟ ಮಂಜಾಯಿತು.

"ಕೇಳಿಸ್ತಿಲ್ಲ. ಜೋರಾಗಿ ಹೇಳು."

"ತಪ್ಪು ನಂದು ಅಂದೆ ಕಣೇ," ಎಂದು ತಕ್ಕಡಿಯಕ್ಕ ಪೇಟೆಯ ಈ ತುದಿಯಿಂದ ಆ ತುದಿಗೆ ಕೂಗುವ ಗಂಟಲಿನಲ್ಲಿ ಹೇಳಿದಳು. "ನೀನು ತಿಂದಿಲ್ಲ. ನೀನು ಹೇಳಿದಾಗ್ಲೇ ನಂಬ್ಬೇಕಿತ್ತು."

ಕಾರಿಡಾರಿನಲ್ಲಿ ಕೂತಿದ್ದ ರೋಗಿಗಳೆಲ್ಲ ಒಳಗೆ ಇಣುಕಿದರು. ಯಂತ್ರ ಪೀಂ ಪೀಂ ಎಂದು ಬಡಿದುಕೊಂಡಿತು, ಪರದೆಯ ಗೆರೆ ಕುದುರೆಯ ಹಾಗೆ ನೆಗೆಯಿತು. ಅಪ್ಪನಿಗೆ ನಗು, ಮಗಳಿಗೆ ನಗು, ಗುಮ್ಮಟದೊಳಗೆ ಅಮ್ಮನಿಗೂ ನಗು. ನಕ್ಕಷ್ಟೂ ಯಂತ್ರ ಬಡಿದುಕೊಳ್ಳುತ್ತಿತ್ತು, ಬಡಿದುಕೊಂಡಷ್ಟೂ ನಗು ಬರುತ್ತಿತ್ತು.

"ಮಾತಾಡಿದ್ರೆ ರೀಡಿಂಗ್ ಪೂರ್ತಿ ಕೆಡುತ್ತಮ್ಮ," ಎಂದಳು ಡಾಕ್ಟರಮ್ಮ.

"ಕೆಡ್ಲಿ ಬಿಡಿ ಡಾಕ್ಟ್ರೇ," ಎಂದಳು ಗುಬ್ಬಿ, ಗುಮ್ಮಟಕ್ಕೆ ಕಿವಿಯಾನಿಸಿ. "ಅಮ್ಮ, ಇನ್ನೊಂದ್ಸಲ ಹೇಳು."